ಬಿಸಿಲಿಗೆ ಸೌಟು ಕೊಟ್ಟ ರಾಜ

ಒಂದಾನೊಂದು ಊರಿನಲ್ಲಿ, ಅದು ಎಲ್ಲಿತ್ತು ಎಂದು ಮಾತ್ರ ಕೇಳಬೇಡಿ. ಕೇಳಿದವರ ಮನೆಗೆ ಆ ಊರಿಗೆ ಊರೇ ನೆಂಟರಾಗಿ ಬಂದು ಕೂರುತ್ತದೆ. ಆಮೇಲೆ ಅಷ್ಟು ಜನಕ್ಕೆ ಕಾಫಿ ಮಾಡುವವರು ಯಾರು? ಒಂದಾನೊಂದು ಊರಿನಲ್ಲಿ ಸರಿಸಮರಾಯ ಎಂಬ ರಾಜನಿದ್ದ. ಊರಿನ ಒಂದು ಕಡೆ ಕಡಲು, ಇನ್ನೊಂದು ಕಡೆ ಗುಡ್ಡ, ನಡುವೆ ಅವನ ಅರಮನೆ. ಹೂಂ ಅನ್ನಿ. ನೀವು ಹೂಂ ಅನ್ನದಿದ್ದರೆ ಕತೆ ಮುಂದಕ್ಕೆ ಹೋಗುವುದಿಲ್ಲ.

ಈ ರಾಜನಿಗೆ ಯುದ್ಧ ಬೇಡ, ಬೇಟೆ ಬೇಡ. ಎಲ್ಲವೂ ಸಮ ಇರಬೇಕು, ಅಷ್ಟೇ. ಅವನ ರಾಜ್ಯದಲ್ಲಿ ಆನೆಗೂ ಅಳಿಲಿಗೂ ಒಂದೇ ಅಳತೆಯ ತೊಟ್ಟಿಲು. ಆನೆ ತೊಟ್ಟಿಲಿನ ಪಕ್ಕದಲ್ಲಿ ಮಲಗುತ್ತಿತ್ತು, ಅಳಿಲು ತೊಟ್ಟಿಲಿನಲ್ಲಿ ಕಳೆದುಹೋಗುತ್ತಿತ್ತು. ಒಮ್ಮೆ ರಾಜನ ಎಡಮೀಸೆ ಬಲಮೀಸೆಗಿಂತ ಒಂದೆಳೆ ಉದ್ದ ಕಂಡಿತು. ಎಡ ಕತ್ತರಿಸಿದ, ಬಲ ಉದ್ದವಾಯಿತು. ಬಲ ಕತ್ತರಿಸಿದ, ಎಡ ಉದ್ದವಾಯಿತು. ಕೊನೆಗೆ ಮೀಸೆಯೇ ಇಲ್ಲದೆ ಎರಡೂ ಸಮವಾದವು. ಊರಿನ ದೋಣಿಗಳ ಹುಟ್ಟುಗಳಿಗೂ ಅದೇ ಗತಿ. ಒಂದರಂತೆ ಒಂದಿಲ್ಲ ಎಂದು ಎಲ್ಲವನ್ನೂ ಅರಮನೆಗೆ ತರಿಸಿ ಕೆತ್ತಿಸಿದ. ಕೆತ್ತಿ ಕೆತ್ತಿ ಅಷ್ಟೂ ಹುಟ್ಟುಗಳು ಹಲ್ಲುಕಡ್ಡಿಯಾದವು. ಅಂದಿನಿಂದ ಆ ಊರಿನ ದೋಣಿಗಳಿಗೆ ಹಾಯಿಯೊಂದೇ ದಿಕ್ಕು.

ಊಟದ ವಿಷಯವಂತೂ ಕೇಳಲೇಬೇಡಿ. ಪಂಕ್ತಿಯಲ್ಲಿ ಕೂತವರಿಗೆಲ್ಲ ಒಂದೇ ಸೌಟು. ಒಬ್ಬರ ಎಲೆಗೆ ಹೆಚ್ಚು, ಇನ್ನೊಬ್ಬರ ಎಲೆಗೆ ಕಡಿಮೆ ಬಿತ್ತೋ, ಪಂಕ್ತಿಭೇದ! ಬಡಿಸಿದವನಿಗೆ ಗಡೀಪಾರು. ಎಲ್ಲರೂ ಉಂಡು ಮುಗಿಸುವ ತನಕ ಒಬ್ಬರೂ ಏಳುವಂತಿಲ್ಲ. ಕೊನೆಯವನಿಗೆ ಹಲ್ಲಿಲ್ಲದಿದ್ದರೆ ಉಳಿದವರು ಕೈ ಒಣಗಿಸಿಕೊಂಡು ಅವನ ಬಾಯಿಯನ್ನೇ ನೋಡುತ್ತ ಕೂರಬೇಕಿತ್ತು.

ಈ ಅರಮನೆಗೆ ಸಂಡಿಗೆ ಮಾಡಿಕೊಡುತ್ತಿದ್ದವಳು ದೇವೀರಿ. ಬೂದುಗುಂಬಳಕಾಯಿ ತುರಿದು, ಅರಳು ಬೆರೆಸಿ, ಅರಮನೆಯ ಮಾಳಿಗೆಯ ಮೇಲೆ ಚಾಪೆ ಹಾಸಿ, ಸಾಲಾಗಿ ಸಂಡಿಗೆ ಇಟ್ಟು, ದಿನವಿಡೀ ಕಾಗೆಗಳ ಜೊತೆ ಜಗಳಾಡುವುದು ಅವಳ ಕೆಲಸ. ಅವಳ ಗಂಡ ಬೊಮ್ಮಯ್ಯ ದೊಡ್ಡ ಹಾಯಿದೋಣಿಯಲ್ಲಿ ತೆಂಗಿನಕಾಯಿ ತುಂಬಿಕೊಂಡು ಕಡಲಾಚೆಗೆ ಹೋಗಿದ್ದ. ಅಲ್ಲಿ ಕಾಯಿ ಇಳಿಸಿ, ಒಣಮೆಣಸಿನಕಾಯಿ ತುಂಬಿಕೊಂಡು, ಪಡುಗಾಳಿ ಹಿಡಿದು ಬರಬೇಕು. ದೇವೀರಿ ಕಾಗೆ ಓಡಿಸುವಾಗಲೂ ಒಂದು ಕಣ್ಣನ್ನು ಕಡಲ ಮೇಲೆ ಇಟ್ಟಿರುತ್ತಿದ್ದಳು. ಗಂಡನೆಂದರೆ ಅವಳಿಗೆ ಪ್ರಾಣ. ಹಾಗೆಂದು ಅವನ ಎದುರಿಗೆ ಯಾವತ್ತೂ ಹೇಳಿರಲಿಲ್ಲ, ಹೇಳಿದರೆ ತಲೆಗೇರುತ್ತದೆ ಎಂದು ಅವಳ ಲೆಕ್ಕ.

ಒಂದು ದಿನ ರಾಜ ಊಟಕ್ಕೆ ಕೂತು ಒಂದು ಸಂಡಿಗೆ ಕಚ್ಚಿದ. ಕರುಂ ಎಂದಿತು. ಇನ್ನೊಂದು ಕಚ್ಚಿದ. ಏನೂ ಅನ್ನಲಿಲ್ಲ. ರಾಜ ಕಿವಿಗೊಟ್ಟು ಕಾದ. ಆಗಲೂ ಏನೂ ಅನ್ನಲಿಲ್ಲ.

"ಒಂದು ಮಾತಾಡುತ್ತದೆ, ಇನ್ನೊಂದು ಮಾತಾಡುವುದಿಲ್ಲ! ನನ್ನ ರಾಜ್ಯದಲ್ಲಿ ಸಂಡಿಗೆ ಸಂಡಿಗೆಗೂ ಭೇದವೇ? ಎಲ್ಲಿ ಆ ದೇವೀರಿ?"

ದೇವೀರಿ ಬಂದಳು. ಗಡೀಪಾರಾದರೆ ಗಂಡ ಬರುವಾಗ ದಡದಲ್ಲಿ ಯಾರಿರುತ್ತಾರೆ? ನಡೆದದ್ದು ಇಷ್ಟೇ. ಚಾಪೆಯ ಒಂದು ಮಗ್ಗುಲಿಗೆ ತೆಂಗಿನಮರದ ನೆರಳು ಬಿದ್ದಿತ್ತು, ಕಡಲು ನೋಡುತ್ತಿದ್ದ ದೇವೀರಿ ಚಾಪೆ ಸರಿಸಲು ಮರೆತಿದ್ದಳು. "ಮರೆತೆ" ಎಂದಿದ್ದರೆ ಈ ಕತೆ ಇಲ್ಲಿಗೇ ಮುಗಿದು ನಾವೆಲ್ಲ ಮಲಗಬಹುದಿತ್ತು. ಆದರೆ ಹೆದರಿದ ಬಾಯಿಗೆ ಆ ಮಾತು ಬರುವುದುಂಟೇ?

"ನಂದೆಂತ ತಪ್ಪುಂಟು ಒಡೆಯಾ?" ಎಂದಳು. "ನಾನು ಎಲ್ಲವನ್ನೂ ಸಮ ಇಟ್ಟಿದ್ದೆ. ಮೇಲಿಂದ ಬಡಿಸುವವನೇ ಪಂಕ್ತಿಭೇದ ಮಾಡ್ತಾನೆ. ಒಂದಕ್ಕೆ ಬಿಸಿಲು ಸುರಿತಾನೆ, ಇನ್ನೊಂದಕ್ಕೆ ಬರೀ ಹನಿಸ್ತಾನೆ."

ರಾಜನ ಮುಖ ಮೊದಲು ಕೆಂಪಾಯಿತು, ಆಮೇಲೆ ಎರಡೂ ಕೆನ್ನೆ ಸಮ ಕೆಂಪಾಗಿವೆಯೇ ಎಂದು ಕನ್ನಡಿ ನೋಡಿಕೊಂಡ.

"ಯಾರು ಆ ಬಡಿಸುವವನು?"

"ಸೂರ್ಯ, ಒಡೆಯಾ."

"ಹಿಡಿದು ತನ್ನಿ!"

ಮಂತ್ರಿ ತಲೆ ಕೆರೆದುಕೊಂಡ. "ಮಧ್ಯಾಹ್ನ ಅವನು ಕೈಗೆ ಸಿಗುವುದಿಲ್ಲ ಪ್ರಭು. ಸಂಜೆ ಕಡಲಿಗೆ ಸ್ನಾನಕ್ಕೆ ಇಳಿಯುತ್ತಾನಲ್ಲ, ಆಗ ಅಡ್ಡಹಾಕಬಹುದು."

ಸರಿ, ಸಂಜೆ ಎಲ್ಲರೂ ದಡಕ್ಕೆ ಹೋದರು. ಸೂರ್ಯ ತನ್ನ ಕೆಂಪು ಶಾಲನ್ನು ಮೋಡದ ಗೂಟಕ್ಕೆ ಸಿಕ್ಕಿಸಿ ನೀರಿಗೆ ಇಳಿಯುತ್ತಿದ್ದ. ಮಂತ್ರಿ ಮೆಲ್ಲನೆ ಹೋಗಿ ಶಾಲನ್ನು ಎಳೆದುಕೊಂಡ. ಪಾಪ, ಶಾಲಿಲ್ಲದೆ ಸೂರ್ಯ ಮನೆಗೆ ಹೋಗುವುದು ಹೇಗೆ? ಕುತ್ತಿಗೆವರೆಗೆ ನೀರಿನಲ್ಲಿ ನಿಂತು ರಾಜನ ಮಾತು ಕೇಳಬೇಕಾಯಿತು.

"ನೀನು ಪಂಕ್ತಿಭೇದ ಮಾಡುತ್ತೀಯಂತೆ."

"ನಾನಾ? ರಾಮ ರಾಮಾ! ನಾನು ಮೇಲಿಂದ ಸುರಿಯುವವ ಅಷ್ಟೇ ಮಾರಾಯ್ರೆ. ಉಣ್ಣುವವರು ಒಬ್ಬೊಬ್ಬರು ಒಂದೊಂದು ಥರ. ಈ ಮರಳಿಗೆ ಹೊಟ್ಟೆಬಾಕತನ. ಹಾಕಿದ ಕೂಡಲೇ ಗಬಗಬ ತಿಂದು ಬಿಸಿಯಾಗಿ ಕೂರ್ತದೆ. ಕಡಲಮ್ಮನಿಗೆ ಎಷ್ಟು ಬಡಿಸಿದರೂ ನಿಧಾನ, ಒಂದು ತುತ್ತಿಗೆ ಒಂದು ಹೊತ್ತು. ದೂರದಲ್ಲಿ ಹಿಮದಜ್ಜಿ ಇದ್ದಾಳೆ, ಅವಳು ಕೂತ ಜಾಗವೇ ಓರೆ. ಹಾಕಿದ್ದೆಲ್ಲ ಜಾರಿ ಹೋಗ್ತದೆ. ಎಲೆಯಲ್ಲಿ ಉಳಿದದ್ದನ್ನೂ ಬೇಡಪ್ಪಾ ಬೇಡ ಅಂತ ನನ್ನ ಮುಖಕ್ಕೇ ವಾಪಸ್ ಎಸೀತಾಳೆ. ನಾನೆಂತ ಮಾಡುದು?"

"ಕಾರಣ ಬೇಡ, ಸಮ ಬೇಕು," ಎಂದ ರಾಜ. ಅರಮನೆಯ ಸೌಟನ್ನು ಅವನ ಕೈಗೆ ಕೊಟ್ಟ. "ನಾಳೆಯಿಂದ ಎಲ್ಲರಿಗೂ ಇದೇ ಸೌಟಿನಲ್ಲಿ ಬಿಸಿಲು. ಎಲ್ಲರೂ ಉಂಡು ಮುಗಿಸುವ ತನಕ ಒಬ್ಬರೂ ಏಳಬಾರದು."

"ನನಗೆಂತ ಸಿಗ್ತದೆ?"

ರಾಜ ಯೋಚಿಸಿದ. "ಬಡಿಸುವವನಿಗೂ ಒಂದು ಎಲೆ ಹಾಕುತ್ತೇವೆ. ನಿನಗೂ ಒಂದು ಸೌಟು ಬಿಸಿಲು."

ಸೂರ್ಯನ ಕಣ್ಣು ತುಂಬಿ ಬಂತು. "ಹುಟ್ಟಿದಂದಿನಿಂದ ಬಡಿಸ್ತಲೇ ಇದ್ದೇನೆ. ನೀನೂ ಕೂತ್ಕೋ ಅಂತ ಇವತ್ತಿನವರೆಗೆ ಯಾರೂ ಹೇಳಿರಲಿಲ್ಲ," ಎಂದು ಶಾಲನ್ನೂ ಸೌಟನ್ನೂ ತೆಗೆದುಕೊಂಡು ಹೋದ. ಬಿಸಿಲಿನವನಿಗೆ ಬಿಸಿಲನ್ನೇ ಕೂಲಿ ಕೊಟ್ಟ ರಾಜನನ್ನು ಎಲ್ಲರೂ ಹೊಗಳಿದರು. ದೇವೀರಿಯೂ ಹೊಗಳಿದಳು. ಗಡೀಪಾರು ತಪ್ಪಿತಲ್ಲ ಎಂಬ ಸಂತೋಷ ಅವಳಿಗೆ.

ಮರುದಿನ ಸೂರ್ಯ ಹೆಗಲ ಬೈರಾಸನ್ನು ಸೊಂಟಕ್ಕೆ ಬಿಗಿದು ಬಡಿಸಲು ನಿಂತ. ಮರಳಿಗೆ ಒಂದು ಸೌಟು. ಕಡಲಿಗೆ ಒಂದು ಸೌಟು. ಗುಡ್ಡಕ್ಕೆ ಒಂದು ಸೌಟು. ಹಿಮದಜ್ಜಿಯ ಗಲ್ಲ ಹಿಡಿದು ಒಂದು ಸೌಟು. ನೆರಳಿಗೂ ಒಂದು ಸೌಟು, ಉಪ್ಪಿನಕಾಯಿ ಭರಣಿಯ ಒಳಗೂ ಒಂದು ಸೌಟು. ಇರುವೆ "ಸಾಕು, ಸಾಕು" ಎಂದು ಎಲೆಯ ಮೇಲೆ ಅಡ್ಡ ಬಿತ್ತು, ಆದರೂ ಅದರ ಬೆನ್ನ ಮೇಲೆ ಒಂದು ಸೌಟು. ಎಲ್ಲರಿಗೂ ಬಡಿಸಿ ತಾನೂ ಎಲೆ ಹಾಕಿಕೊಂಡು ಪಂಕ್ತಿಯ ಕೊನೆಯಲ್ಲಿ ಕೂತ.

ಊರಿಗೆ ಊರೇ ಕುಣಿಯಿತು. ಬರಿಗಾಲಲ್ಲಿ ಮರಳ ಮೇಲೆ ನಡೆದರೂ ಸುಡುವುದಿಲ್ಲ. ಬಿಸಿಲಲ್ಲಿ ನಿಂತರೂ ಅಷ್ಟೇ, ನೆರಳಲ್ಲಿ ನಿಂತರೂ ಅಷ್ಟೇ. ಕೊಡೆಗಳನ್ನೆಲ್ಲ ಅಟ್ಟಕ್ಕೆ ಎಸೆದರು. ರಾಜ ಮಾಳಿಗೆ ಹತ್ತಿ ಸಂಡಿಗೆ ಮುಟ್ಟಿ ನೋಡಿದ. ಒಂದೂ ಒಣಗಿರಲಿಲ್ಲ. ಎಲ್ಲವೂ ಸಮ ಹಸಿ. ಅವನ ಖುಷಿಗೆ ಪಾರವಿಲ್ಲ.

ಆಮೇಲೆ ಒಂದೊಂದೇ ತಮಾಷೆ ಶುರುವಾಯಿತು. ಅರಮನೆಯ ಬಾವುಟ ಜೋತುಬಿತ್ತು. ಮೋಡ ನಿಂತಲ್ಲೇ ನಿಂತು ಬೇರು ಬಿಟ್ಟಿತು. ಒಲೆಯ ಹೊಗೆ ಹೊರಗೆ ಹೋಗದೆ ಅಡುಗೆಮನೆಯಲ್ಲೇ ಕೂತು ಅಕ್ಕಿ ಆರಿಸತೊಡಗಿತು. ತೊಳೆದು ಹಾಕಿದ ಸೀರೆ ಒಣಗುವುದನ್ನೇ ಮರೆಯಿತು. ಜನ ಒದ್ದೆ ಬಟ್ಟೆ ಉಟ್ಟುಕೊಂಡು ಚಪ್ಪಚಪ್ಪ ಎಂದು ಓಡಾಡಿದರು.

ದೇವೀರಿ ಮನೆಗೆ ಬಂದರೆ ಜಗಲಿಯಲ್ಲಿ ಯಾರೋ ಒಬ್ಬ ಕಾಲು ಚಾಚಿ ಕೂತಿದ್ದ. ಕೆದರಿದ ಕೂದಲು, ಮೈಯೆಲ್ಲ ಉಪ್ಪಿನ ವಾಸನೆ.

"ಯಾರಪ್ಪಾ ನೀನು?"

"ನಾನು ಪಡುಗಾಳಿ ಅಕ್ಕಾ."

"ಗಾಳಿಯಾಗಿ ಜಗಲಿಯಲ್ಲಿ ಕೂತು ಎಂತ ಮಾಡ್ತಿ? ಏಳು, ಹೋಗಿ ಬೀಸು. ನಮ್ಮ ಇವರು ಬರಬೇಕು."

"ಎಲ್ಲಿಗೆ ಅಂತ ಹೋಗುದು ಅಕ್ಕಾ?" ಗಾಳಿ ಆಕಳಿಸಿದ. ಆಕಳಿಸಿದರೂ ಉಸಿರು ಹೊರಗೆ ಬರಲಿಲ್ಲ. "ನಾನು ಎರಡನೇ ಪಂಕ್ತಿಯವ. ಈ ಮರಳಿನ ಮೇಲೆ ಕೂತ ನಮ್ಮ ಗಾಳಿ ಪೈಕಿಯವರು ಬೇಗ ಉಂಡು, ಬಿಸಿಯಾಗಿ, ಮೇಲೆ ಏಳ್ತಾರೆ. ಅವರ ಜಾಗ ಖಾಲಿ ಆಗ್ತದೆ. ನಾನು ಕಡಲ ಕಡೆಯಿಂದ ಓಡಿ ಬಂದು ಆ ಜಾಗ ಹಿಡೀತೇನೆ. ಆ ಓಟಕ್ಕೇ ನೀವು ಗಾಳಿ ಅಂತ ಹೇಳುದು. ಈಗ ಎಲ್ಲರಿಗೂ ಒಂದೇ ಸೌಟು, ಯಾರೂ ಏಳುವ ಹಾಗಿಲ್ಲ. ಕಡಲಮ್ಮ ಇನ್ನೂ ಮೊದಲನೇ ತುತ್ತು ಅಗೀತಾ ಇದ್ದಾಳೆ. ಅವಳು ಮುಗಿಸುವಾಗ ನಿನ್ನ ಮೊಮ್ಮಕ್ಕಳಿಗೆ ಮೊಮ್ಮಕ್ಕಳಾಗಿರ್ತಾರೆ."

ಅಷ್ಟರಲ್ಲಿ ದೂರದಿಂದ ಒಂದು ಕೂಗು ಕೇಳಿಸಿತು. ಎಲೆ ಅಲುಗುವ ಸದ್ದೂ ಇಲ್ಲದ ಊರು, ಹಾಗಾಗಿ ಕೂಗು ಎಲ್ಲೂ ತುಂಡಾಗದೆ ಇಡಿಯಾಗಿ ದಡಕ್ಕೆ ಬಂತು.

"ಏ ದೇವೀರೀ! ಕುಡಿಯುವ ನೀರು ಮುಗೀತು ಮಾರಾಯ್ತೀ! ದೋಣಿಯಲ್ಲಿ ಬರೀ ಮೆಣಸು ಉಂಟು!"

ದೇವೀರಿ ಓಡಿ ಹೋಗಿ ನೋಡಿದಳು. ಬಾನು ಮುಟ್ಟುವ ಕಡಲಿನ ಅಂಚಿನಲ್ಲಿ ಬೊಮ್ಮಯ್ಯನ ದೋಣಿ ನಿಂತುಬಿಟ್ಟಿತ್ತು. ಹಾಯಿ ಒದ್ದೆ ಲಂಗೋಟಿಯ ಹಾಗೆ ನೇತಾಡುತ್ತಿತ್ತು. ಹುಟ್ಟು ಹಾಕಿ ಬರಬಾರದೇ ಎನ್ನುತ್ತೀರಾ? ಹುಟ್ಟುಗಳೆಲ್ಲ ಹಲ್ಲುಕಡ್ಡಿಯಾದದ್ದು ಇಷ್ಟು ಬೇಗ ಮರೆತಿರಾ? ಬೊಮ್ಮಯ್ಯ ಹಲ್ಲುಕಡ್ಡಿ ಹಿಡಿದು ನೀರು ತಳ್ಳುತ್ತಿದ್ದ. ಬಾಯಾರಿದವನಿಗೆ ತಿನ್ನಲು ಇದ್ದದ್ದು ಒಣಮೆಣಸಿನಕಾಯಿ ಮಾತ್ರ, ತಿಂದರೆ ಇನ್ನಷ್ಟು ಬಾಯಾರಿಕೆ. ಹೀಗೇ ಬಿಟ್ಟರೆ ಗಂಡ ಉಳಿಯುವುದಿಲ್ಲ ಎಂದು ದೇವೀರಿಗೆ ಗೊತ್ತಾಯಿತು. ಒಂದು "ಮರೆತೆ" ಹೇಳಲಾರದೆ ಅವರನ್ನು ಕಡಲ ನಡುವೆ ನಿಲ್ಲಿಸಿದೆನಲ್ಲ ಎಂದು ತನ್ನನ್ನೇ ಬೈದುಕೊಂಡಳು.

ಮನೆಯಿಂದ ಮೊರ ತಂದು ದಡದಲ್ಲಿ ನಿಂತು ಬೀಸಿದಳು. ಬೊಮ್ಮಯ್ಯನ ಹಾಯಿ ಮಿಸುಕಲಿಲ್ಲ. ಊರಿನವರೂ ಒಳ್ಳೆಯವರು, ಬೀಸಣಿಗೆ ಹಿಡಿದು ಓಡಿಬಂದರು. ಆದರೆ ರಾಜನ ಭಯ ಇತ್ತಲ್ಲ, ಅರ್ಧ ಜನ ಈಚೆಗೆ ಬೀಸಿದರು, ಉಳಿದರ್ಧ ಜನ ಸಮ ಆಗಲೆಂದು ಆಚೆಗೆ ಬೀಸಿದರು. ಬೀಸಿ ಬೀಸಿ ಎಲ್ಲರಿಗೂ ಬೆವರಿತು, ಬೆವರೂ ಒಣಗಲಿಲ್ಲ.

ದೇವೀರಿ ಮರಳಿನ ಹತ್ತಿರ ಕೂತು ಬೇಡಿದಳು. "ನಿನ್ನ ಊಟ ಆಯಿತಲ್ಲ, ಎದ್ದು ನಿಲ್ಲು ಮಾರಾಯ. ನೀನೆದ್ದರೆ ನಿನ್ನ ಮೇಲೆ ಕೂತವರೂ ಏಳ್ತಾರೆ."

"ಅಯ್ಯಯ್ಯೋ, ಪಂಕ್ತಿಯಿಂದ ನಡುವೆ ಏಳುದಾ? ಮರ್ಯಾದೆ ಬೇಡ್ವಾ? ಕಾಲು ಜೋಮು ಹಿಡಿದು ಸಾಯ್ತಾ ಇದ್ದೇನೆ, ಆದರೂ ಏಳುವುದಿಲ್ಲ," ಎಂದಿತು ಮರಳು.

ಆಗ ದೇವೀರಿ ಅರಮನೆಗೇ ಹೋಗಿ ರಾಜನ ಕಾಲಿಗೆ ಬಿದ್ದಳು. "ತಪ್ಪು ನಂದು ಒಡೆಯಾ. ಚಾಪೆ ಸರಿಸಲಿಕ್ಕೆ ನಾನೇ ಮರೆತದ್ದು. ಸೂರ್ಯನನ್ನು ಬಿಟ್ಟುಬಿಡಿ. ಗಾಳಿ ಇಲ್ಲದೆ ನಮ್ಮವರು ಕಡಲಲ್ಲಿ ಒಣಗ್ತಾ ಇದ್ದಾರೆ."

ಎಣ್ಣೆ ಕುಡಿದು ಮೆತ್ತಗಾದ ಸಂಡಿಗೆಯನ್ನು ರಾಜ ಜಗಿಯುತ್ತಿದ್ದ. ಅದು ಅವನ ಹಲ್ಲಿಗೆ ಅಂಟಿಕೊಂಡಿತ್ತು, ಎರಡೂ ಕಡೆ ಸಮವಾಗಿ. "ನಿನ್ನ ಗಂಡನೊಬ್ಬನಿಗೆ ಗಾಳಿ ಕೊಟ್ಟರೆ ಉಳಿದವರ ಗಂಡಂದಿರು ಏನು ಪಾಪ ಮಾಡಿದ್ದಾರೆ? ಬೇಕಾದರೆ ಊರಿನ ಗಂಡಸರನ್ನೆಲ್ಲ ಒಯ್ದು ಕಡಲಲ್ಲಿ ನಿಲ್ಲಿಸುತ್ತೇನೆ, ಸಮವಾಗುತ್ತದೆ."

ದೇವೀರಿ ಮನೆಗೆ ಬಂದಳು. ಅತ್ತಳು. ಅತ್ತು ಮುಗಿಸಿ ಅಟ್ಟ ಹತ್ತಿದಳು. ಅಲ್ಲಿ ಬಿಗಿಯಾಗಿ ಮುಚ್ಚಳ ಹಾಕಿದ ಒಂದು ಡಬ್ಬಿ ಇತ್ತು. ಡಬ್ಬಿಯಲ್ಲಿ ಹೋದ ವರ್ಷದ್ದು ಒಂದೇ ಒಂದು ಸಂಡಿಗೆ. ಕಲ್ಲಿನಂತೆ ಒಣಗಿದ್ದು. ಬೊಮ್ಮಯ್ಯ ಹೊರಡುವಾಗ "ನನಗೆ ಒಂದು ತೆಗೆದಿಡು, ಬಂದ ಕೂಡಲೇ ಕರಿದು ಕೊಡು" ಎಂದು ಹೇಳಿ ಹೋಗಿದ್ದ. ದೇವೀರಿ ಅದನ್ನು ಸ್ವಲ್ಪ ಹೊತ್ತು ಅಂಗೈಯಲ್ಲಿ ಇಟ್ಟುಕೊಂಡಳು. ಆಮೇಲೆ ಎಣ್ಣೆ ಕಾಯಿಸಿ ಬಿಟ್ಟಳು. ಅದು ಅರಳಿ ಅಂಗೈಯಗಲ ಆಯಿತು. ಬೀದಿಗೆಲ್ಲ ಹರಡಬೇಕಾದ ಘಮ ಗಾಳಿ ಇಲ್ಲದ್ದರಿಂದ ಒಲೆಯ ಪಕ್ಕವೇ ನಿಂತಿತ್ತು. ಅವಳು ತಟ್ಟೆ ಹಿಡಿದು ಹೊರಟಾಗ ಅದೂ ಎದ್ದು ಅವಳ ಸೆರಗು ಹಿಡಿದುಕೊಂಡು ಹಿಂದೆಯೇ ನಡೆಯಿತು.

ಅರಮನೆಯಲ್ಲಿ ಪಂಕ್ತಿ ಕೂತಿತ್ತು. ದೇವೀರಿ ನೇರವಾಗಿ ಹೋಗಿ ಆ ಸಂಡಿಗೆಯನ್ನು ರಾಜನ ಎಲೆಯ ಮೇಲೆ ಇಟ್ಟಳು. ಉಳಿದವರ ಎಲೆಗೆ ಏನೂ ಇಲ್ಲ.

"ಉಳಿದವರದ್ದೆಲ್ಲಿ?" ಎಂದ ರಾಜ.

"ಇರುದೇ ಒಂದು ಒಡೆಯಾ."

"ಹಾಗಾದರೆ ಮುರಿದು ಸಮನಾಗಿ ಹಂಚಿ!"

ಮಂತ್ರಿ ಕೇಳಿದ, "ಯಾರು ಯಾರಿಗೆ ಪ್ರಭು? ಮರಳೂ ಪಂಕ್ತಿಯಲ್ಲಿದೆ, ಕಡಲೂ ಪಂಕ್ತಿಯಲ್ಲಿದೆ, ಇರುವೆಯೂ ಇದೆ. ಸಂಡಿಗೆಯನ್ನು ಹೇಗೋ ಪುಡಿ ಮಾಡಿ ಹಂಚಬಹುದು. ಆದರೆ ಕರುಂ ಎನ್ನುವುದು ಒಂದೇ ಇರುತ್ತದಲ್ಲ, ಅದನ್ನು ಯಾರಿಗೆ ಕೊಡುವುದು?"

ರಾಜ ಕರುಂ ಕೇಳಿ ಎಷ್ಟೋ ಕಾಲವಾಗಿತ್ತು. ಬಾಯಲ್ಲಿ ನೀರೂರಿತು. "ನಾನು ತಿನ್ನುವುದಿಲ್ಲ," ಎಂದ. "ಸುಮ್ಮನೆ ಮುಟ್ಟಿ ನೋಡುತ್ತೇನೆ." ಮುಟ್ಟಿದ. "ಸುಮ್ಮನೆ ಮೂಸಿ ನೋಡುತ್ತೇನೆ." ಮೂಸಿದ. "ಸುಮ್ಮನೆ ಹಲ್ಲಿನ ನಡುವೆ ಇಟ್ಟುಕೊಳ್ಳುತ್ತೇನೆ, ಕಚ್ಚುವುದಿಲ್ಲ."

ಕರುಂ!

ಅಬ್ಬಬ್ಬಾ, ಆ ಸದ್ದು! ಎಲೆ ಅಲುಗದ ಲೋಕದಲ್ಲಿ ಆ ಕರುಂ ಮರಳಿಗೆ ಕೇಳಿಸಿತು, ಗುಡ್ಡಕ್ಕೆ ಕೇಳಿಸಿತು, ಕಿವುಡಿ ಹಿಮದಜ್ಜಿಗೂ ಕೇಳಿಸಿತು. ಪಂಕ್ತಿಯ ಕೊನೆಯಲ್ಲಿ ತನ್ನ ಎಲೆಯ ಬಿಸಿಲನ್ನು ಬೆರಳಲ್ಲಿ ಕೆದಕುತ್ತ ಕೂತಿದ್ದ ಸೂರ್ಯ ತಲೆ ಎತ್ತಿದ. ನೋಡುತ್ತಾನೆ, ರಾಜನ ಬಾಯಲ್ಲಿ ಸಂಡಿಗೆ!

"ಓಹೋ! ನನಗೆ ನನ್ನದೇ ಬಿಸಿಲು, ನಿಮಗೆ ಸಂಡಿಗೆಯಾ? ನೀವೇ ಪಂಕ್ತಿಭೇದ ಮಾಡಿದ ಮೇಲೆ ನನಗೆಂತಕ್ಕೆ ಈ ಸೌಟು?" ಎಂದು ಸೌಟನ್ನು ಕಡಲಿಗೆ ಎಸೆದ. ಬಿಸಿಲಿನ ಕೊಪ್ಪರಿಗೆಯನ್ನೇ ಎರಡೂ ಕೈಯಲ್ಲಿ ಎತ್ತಿ ಮೊದಲಿನ ಹಾಗೆ ಬೇಕಾಬಿಟ್ಟಿ ಸುರಿದ.

ಮರಳು ಗಬಗಬ ತಿಂದಿತು. ಪಂಕ್ತಿ ಹೇಗೂ ಕೆಟ್ಟಿತಲ್ಲ, ಇನ್ನು ಯಾರ ಮರ್ಯಾದೆ? ಮರಳ ಮೇಲೆ ಕೂತವರೆಲ್ಲ ಉಸ್ಸಪ್ಪಾ ಎಂದು ಬಿಸಿಬಿಸಿಯಾಗಿ ಮೇಲೆ ಎದ್ದರು. "ಜಾಗ ಖಾಲಿ ಆಯಿತು!" ಎಂದು ಪಡುಗಾಳಿ ಜಗಲಿಯಿಂದ ಹಾರಿ, ಕಡಲಾಚೆಗೆ ಒಂದು ಸುತ್ತು ಹಾಕಿ, ಅಲ್ಲಿಂದ ದಡದ ಕಡೆಗೆ ಓಡತೊಡಗಿದ. ಬರುವಾಗ ಕಡಲಿಂದ ಒಂದಿಷ್ಟು ನೀರನ್ನೂ ಮಡಿಲಲ್ಲಿ ಕಟ್ಟಿಕೊಂಡ, ದಾರಿಯಲ್ಲಿದ್ದ ಬೊಮ್ಮಯ್ಯನ ಹಾಯಿಯನ್ನೂ ಹೆಗಲಿಗೆ ಹಾಕಿಕೊಂಡ. ಹಾಯಿಯನ್ನು ದಡದ ಹತ್ತಿರ ಬಿಟ್ಟು, ನೀರು ಹೊತ್ತುಕೊಂಡು ಗುಡ್ಡ ಹತ್ತಲು ಹೋದ. ಅಷ್ಟು ಭಾರ ಹೊತ್ತು ಗುಡ್ಡ ಹತ್ತುವುದೆಂದರೇನು ಹುಡುಗಾಟವೇ? ಮೇಲೆ ಹೋದಂತೆ ಚಳಿಗೆ ಕೈ ಮರಗಟ್ಟಿತು. ಮಡಿಲು ಬಿಚ್ಚಿಹೋಗಿ ನೀರೆಲ್ಲ ಧೋ ಎಂದು ಮಳೆಯಾಗಿ ಸುರಿಯಿತು. ಇವತ್ತಿಗೂ ಅವನದ್ದು ಇದೇ ಪಾಡು. ಹಗಲು ನೆಲದವರು ಉಂಡು ಏಳುತ್ತಾರೆ, ಕಡಲಿನವರು ಈಚೆಗೆ ಓಡುತ್ತಾರೆ. ಕತ್ತಲಾದ ಮೇಲೆ ಕಡಲಿನವರು ನಿಧಾನವಾಗಿ ಏಳುತ್ತಾರೆ, ನೆಲದವರು ಆಚೆಗೆ ಓಡುತ್ತಾರೆ. ನಂಬದವರು ದಡಕ್ಕೆ ಹೋಗಿ ಮುಖ ಒಡ್ಡಿ ನಿಂತು ನೋಡಿ.

ಅರಮನೆಯ ಅಂಗಳದ ಅರ್ಧಕ್ಕೆ ಮಳೆ ಬಿತ್ತು, ಇನ್ನರ್ಧಕ್ಕೆ ಬೀಳಲಿಲ್ಲ. ರಾಜ ದಡದಡನೆ ಹೊರಗೆ ಬಂದ. "ಇದ್ಯಾವ ನ್ಯಾಯ? ಯಾರ ತಪ್ಪಿದು?"

"ನಂದೇ ತಪ್ಪು ಒಡೆಯಾ, ಎಲ್ಲ ನಂದೇ," ಎಂದು ಉಸಿರು ಬಿಡದೆ ಹೇಳಿ ದೇವೀರಿ ನೀರಿನ ಕೊಡ ಸೊಂಟಕ್ಕೇರಿಸಿ ಕಡಲಿನ ಕಡೆಗೆ ಓಡಿದಳು. ಆಕಾಶದವರ ಮೇಲೆ ಚಾಡಿ ಹೇಳುವುದನ್ನು ಅವಳು ಬಿಟ್ಟಿದ್ದಳು.

ದೋಣಿ ದಡ ಮುಟ್ಟುವ ಮೊದಲೇ ಬೊಮ್ಮಯ್ಯ ನೀರಿಗೆ ಹಾರಿದ. ಮೆಣಸಿನಕಾಯಿ ತಿಂದು ತುಟಿ ಊದಿತ್ತು, ಕಣ್ಣು ಕೆಂಡವಾಗಿತ್ತು. ದೇವೀರಿ ಕೊಡ ಎತ್ತಿ ಅವನ ಬಾಯಿಗೇ ಸುರಿದಳು. ಗಟಗಟ ಕುಡಿದ. ಅವಳು ಅವನ ಕೈ ಹಿಡಿದುಕೊಂಡು ಜೋರಾಗಿ ಅತ್ತಳು.

"ಅಳುದೆಂತಕ್ಕೆ ಮಾರಾಯ್ತಿ? ಬಂದೆನಲ್ಲ," ಎಂದ ಬೊಮ್ಮಯ್ಯ. ಬಾಯಿ ಒರೆಸಿಕೊಂಡು, ಸುತ್ತ ನೋಡಿ, ಮೆಲ್ಲಗೆ ಕೇಳಿದ. "ಅಟ್ಟದಲ್ಲಿ ನನ್ನ ಸಂಡಿಗೆ ಉಂಟಲ್ಲ? ನಡಿ, ಕರಿದು ಕೊಡು."

"ಅದು ಇಲ್ಲ."

"ಇಲ್ಲ ಅಂದ್ರೆ?"

"ರಾಜನಿಗೆ ಕೊಟ್ಟೆ. ಅದನ್ನು ಕೊಟ್ಟದ್ದಕ್ಕೇ ಗಾಳಿ ಎದ್ದದ್ದು. ಗಾಳಿ ಎದ್ದದ್ದಕ್ಕೇ ನೀವು ಬಂದದ್ದು."

ಬೊಮ್ಮಯ್ಯ ಕಡಲು ನೋಡಿದ. ದೋಣಿ ನೋಡಿದ. ಹೆಂಡತಿಯನ್ನು ನೋಡಿದ.

"ಛೇ! ಒಂದು ಮಾತು ಕೂಗಿ ಕೇಳಬಾರದಾ? ಇನ್ನೆರಡು ದಿನ ಅಲ್ಲೇ ನಿಲ್ತಿದ್ದೆನಲ್ಲ!"

"ಹೌದಾ? ಹಾಗಾದ್ರೆ ಹೋಗಿ, ಈಗಲೇ ಹೋಗಿ, ಅಲ್ಲೇ ನಿಂತುಕೊಳ್ಳಿ!" ಎಂದು ದೇವೀರಿ ಅಳುತ್ತಲೇ ಗದರಿದಳು. ಗದರಿದಳೇ ಹೊರತು, ಹಿಡಿದ ಕೈಯನ್ನು ಮನೆ ಮುಟ್ಟುವ ತನಕ ಬಿಡಲಿಲ್ಲ.

ಈ ಕತೆಯ ನೀತಿ ಏನಪ್ಪಾ ಅಂದರೆ, ಗಂಡನ ಪಾಲಿನ ಸಂಡಿಗೆಯನ್ನು ರಾಜನಿಗೆ ಕೊಡುವ ಮೊದಲು ಗಂಡನನ್ನು ಕೇಳಬಾರದು, ಕೇಳಿದರೆ ಮಳೆಗಾಲವೇ ಬರುವುದಿಲ್ಲ. ಕತೆ ಉಂಡು ಎದ್ದು ಕೈ ತೊಳೆಯಲು ಹೋಯಿತು. ನೀವೂ ಏಳಿ, ಜಾಗ ಖಾಲಿ ಮಾಡಿ, ಸ್ವಲ್ಪ ಗಾಳಿ ಬರಲಿ.